ಮರಳುಗುಡ್ಡದಲ್ಲಿ ಇಪ್ಪತ್ತು ಸೈಕಲ್ ಸಿಪಾಯಿಗಳು

(ಕಾರ್ಮಿಕರ ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಹೇಳಬೇಕೆಂದಿರುವುದು ಸೈಕಲ್ಲಿನ ಕಥೆ. ಸೈಕಲ್ಲು ಈ ಸಭೆಯಲ್ಲಿ ಯಾರಿಗೂ ಹೊಸ ಪದಾರ್ಥವಲ್ಲ. ಬುತ್ತಿಯನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಮೊದಲ ಪಾಳಿಗೆ ಅದರ ಮೇಲೆ ಹೋದವರು ಇಲ್ಲಿದ್ದಾರೆ. ಸಂತೆಯಿಂದ ಸಂತೆಗೆ ಬಟ್ಟೆಯ ಗಂಟು, ಪಾತ್ರೆಯ ಚೀಲ ಸಾಗಿಸಿದ ವರ್ತಕರೂ ಇದ್ದಾರೆ. ಕ್ಯಾರಿಯರ್ ಮೇಲೆ ಒಂದು ಮೂಟೆ ಹೇರಿ, ವೈಶಾಖದ ಬಿಸಿಲಿನಲ್ಲಿ, ಎದುರುಗಾಳಿಗೆ ಎದೆಕೊಟ್ಟು ಹತ್ತು ಮೈಲಿ ತುಳಿದವನಿಗೆ ಈ ಕಥೆಯ ಅರ್ಧ ಭಾಗ ಆಗಲೇ ಗೊತ್ತಿದೆ. ಉಳಿದರ್ಧವನ್ನು ಮಾತ್ರ ನಾನು ಹೇಳಬೇಕು.

ಕಥೆ ನಡೆದದ್ದು ಅಮೆರಿಕದಲ್ಲಿ, 1897ರ ಬೇಸಗೆಯಲ್ಲಿ. ಆಗ ಆ ದೇಶದ ಸೈನ್ಯದಲ್ಲಿ ಕಪ್ಪು ಜನಾಂಗದವರಿಗೆಂದು ನಾಲ್ಕು ರೆಜಿಮೆಂಟುಗಳಿದ್ದವು; ಎರಡು ಕುದುರೆಯವು, ಎರಡು ಕಾಲ್ದಳದವು. ಸಿಪಾಯಿಗಳು ಕರಿಯರು, ಮೇಲಿನ ಅಧಿಕಾರಿಗಳು ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. ಸಾಮಾನ್ಯ ಸಿಪಾಯಿಯ ಸಂಬಳ ತಿಂಗಳಿಗೆ 13 ಡಾಲರು. ಅವುಗಳಲ್ಲಿ ಇಪ್ಪತ್ತೈದನೆಯ ಕಾಲ್ದಳದ ಒಂದು ಭಾಗ ಉತ್ತರದ ಮಾಂಟಾನ ಸಂಸ್ಥಾನದ ಮಿಸೂಲಾ ಕೋಟೆಯಲ್ಲಿ ಬೀಡುಬಿಟ್ಟಿತ್ತು.

ಅಲ್ಲಿಗೆ ಜೇಮ್ಸ್ ಮಾಸ್ ಎಂಬ ತರುಣ ಲೆಫ್ಟಿನೆಂಟ್ ಬಂದ. 1894ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದಿಂದ ತೇರ್ಗಡೆಯಾದವರಲ್ಲಿ ಕೊನೆಯ ಸ್ಥಾನ ಈತನದು. ಆದರೆ ತಲೆಯಲ್ಲಿ ಒಂದು ಯೋಚನೆ ಇತ್ತು. ಕುದುರೆಗೆ ಹುಲ್ಲು ಬೇಕು, ಹುರುಳಿ ಬೇಕು, ನೀರು ಬೇಕು. ಕಾಯಿಲೆ ಬಿದ್ದರೆ ಶುಶ್ರೂಷೆ ಬೇಕು. ಸೈಕಲ್ಲಿಗೆ ಇವೊಂದೂ ಬೇಡ. ಸಿಪಾಯಿಗಳನ್ನು ಸೈಕಲ್ಲಿನ ಮೇಲೆ ಏಕೆ ಕಳಿಸಬಾರದು? ಸೈನ್ಯದ ದೊಡ್ಡ ಅಧಿಕಾರಿ ಜನರಲ್ ನೆಲ್ಸನ್ ಮೈಲ್ಸನಿಗೂ ಸೈಕಲ್ಲಿನ ಮೇಲೆ ಒಲವಿತ್ತು. ಅನುಮತಿ ದೊರೆಯಿತು. 1896ರಲ್ಲಿ ಎಂಟು ಸಿಪಾಯಿಗಳ ಸಣ್ಣ ತಂಡ ಬೆಟ್ಟಗುಡ್ಡಗಳಲ್ಲಿ ಅಭ್ಯಾಸ ಮಾಡಿ, ಯೆಲ್ಲೋಸ್ಟೋನ್ ಎಂಬ ಬಿಸಿನೀರಿನ ಬುಗ್ಗೆಗಳ ನಾಡಿನವರೆಗೆ ಹೋಗಿ ಬಂತು.

ಮುಂದಿನ ವರ್ಷದ ಯೋಜನೆ ಭಾರಿಯದು. ಮಿಸೂಲಾದಿಂದ ಸೇಂಟ್ ಲೂಯಿಸ್ ನಗರಕ್ಕೆ 1,900 ಮೈಲಿ, ಎಂದರೆ ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. ಬೆಂಗಳೂರಿನಿಂದ ದಿಲ್ಲಿಗೆ ರಸ್ತೆಯಲ್ಲಿ ಹೋದರೂ ಇಷ್ಟು ದೂರವಾಗುವುದಿಲ್ಲ. ಹೊರಟವರು ಇಪ್ಪತ್ತು ಮಂದಿ ಸಿಪಾಯಿಗಳು, ಲೆಫ್ಟಿನೆಂಟ್ ಮಾಸ್, ಕೆನಡಿ ಎಂಬ ಸೈನ್ಯದ ಡಾಕ್ಟರು, ಮಿಸೂಲಾದ ಪತ್ರಿಕೆಗೆ ಬರೆಯುತ್ತಿದ್ದ ಎಡ್ವರ್ಡ್ ಬೂಸ್ ಎಂಬ ಹತ್ತೊಂಬತ್ತರ ಹುಡುಗ. ಒಟ್ಟು ಇಪ್ಪತ್ತಮೂರು ಸೈಕಲ್ಲು.

ವರ್ತಕ ಮಿತ್ರರು ಗಮನಿಸಬೇಕಾದ ಒಂದು ಮಾತಿದೆ. ಸೈಕಲ್ಲುಗಳನ್ನು ಸರ್ಕಾರ ಕೊಳ್ಳಲಿಲ್ಲ. ಸ್ಪಾಲ್ಡಿಂಗ್ ಎಂಬ ದೊಡ್ಡ ಕಂಪೆನಿ ಅವನ್ನು ಪುಕ್ಕಟೆಯಾಗಿ ಒದಗಿಸಿತು. ವ್ಯಾಪಾರ ಬಲ್ಲವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ. ಸೈನ್ಯಕ್ಕೆ ಪರೀಕ್ಷೆ ನಡೆಯಿತು, ಕಂಪೆನಿಗೆ ಹೆಸರು ಬಂತು. ಬೆವರು ಮಾತ್ರ ಸಿಪಾಯಿಗಳದು.

ಹೊರೆಯ ಲೆಕ್ಕ ಕೇಳಿ. ಹ್ಯಾಂಡಲಿನ ಮುಂದೆ ಕಂಬಳಿ ಮತ್ತು ಗುಡಾರದ ಬಟ್ಟೆಯ ಸುರುಳಿ. ಚೌಕಟ್ಟಿನ ಒಳಗೆ ತಿಂಡಿತಿನಿಸಿನ ಪೆಟ್ಟಿಗೆ. ಎಲ್ಲ ಸೇರಿ ಒಂದೊಂದು ಸೈಕಲ್ಲಿನ ತೂಕ ಸರಾಸರಿ 59 ಪೌಂಡು, ಸುಮಾರು 27 ಕಿಲೋ. ಇದರ ಮೇಲೆ ಪ್ರತಿಯೊಬ್ಬನಿಗೂ ಸುಮಾರು 10 ಪೌಂಡಿನ ಬಂದೂಕು, 50 ತೋಟೆ. ಎರಡು ದಿನಕ್ಕಾಗುವಷ್ಟು ದಿನಸಿ ಜೊತೆಯಲ್ಲಿ. ಸುಮಾರು ನೂರು ಮೈಲಿಗೊಂದು ಕಡೆ ಮುಂದಿನ ದಿನಸಿ ಕಾದಿರಬೇಕು. ದಾರಿ ಕೆಟ್ಟು ತಡವಾದರೆ ಅಂದು ಹೊಟ್ಟೆಗೆ ಕಡಿಮೆ.

ಜೂನ್ 14ರ ಬೆಳಗಿನ ಜಾವ ಹೊರಟರು. ಮೊದಲು ಕಾಡಿದ್ದು ಬಿಸಿಲಲ್ಲ, ಮಳೆ. ಮಾಂಟಾನದ ಜಿಗುಟುಮಣ್ಣು ಚಕ್ರಕ್ಕೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡರೆ ಸೈಕಲ್ಲು ಉರುಳುವುದೇ ಇಲ್ಲ. ನಮ್ಮ ಎರೆಹೊಲದ ದಾರಿಯಲ್ಲಿ ಮಳೆಗಾಲದಲ್ಲಿ ಹೋದವರಿಗೆ ಇದು ಗೊತ್ತು. ಪರ್ವತದ ಕಣಿವೆ ದಾಟುವಾಗ ಜೂನ್ ತಿಂಗಳಲ್ಲೂ ಹಿಮದ ಮಳೆ ಎದುರಾಯಿತು. ಷಿಕಾಗೋ ನಗರದ ಸೈಕಲ್ ಕಾರ್ಖಾನೆಯಲ್ಲಿ ದುಡಿದು ಬಂದಿದ್ದ ಜಾನ್ ಫಿಂಡ್ಲಿ ಎಂಬ ಸಿಪಾಯಿಯೇ ತಂಡದ ಮೆಕ್ಯಾನಿಕ್ಕು. ಯೋಜನೆ ಲೆಫ್ಟಿನೆಂಟನದು, ಸೈಕಲ್ಲು ಕಂಪೆನಿಯದು. ಕಾಡಿನ ನಡುವೆ ಚಕ್ರ ಕೆಟ್ಟು ನಿಂತರೆ ಅದನ್ನು ಮತ್ತೆ ತಿರುಗಿಸುವ ವಿದ್ಯೆ ಮಾತ್ರ ಒಬ್ಬ ಕಾರ್ಮಿಕನ ಕೈಯಲ್ಲಿತ್ತು.

ಮಾಂಟಾನ, ವಯೋಮಿಂಗ್ ಸಂಸ್ಥಾನಗಳನ್ನು ದಾಟಿ ನೆಬ್ರಾಸ್ಕಕ್ಕೆ ಬಂದಾಗ ನಿಜವಾದ ಪರೀಕ್ಷೆ ಎದುರಾಯಿತು. ನೆಬ್ರಾಸ್ಕದ ಕಾಲುಭಾಗಕ್ಕೂ ಹೆಚ್ಚು ನೆಲ ಮರಳುಗುಡ್ಡಗಳದು. ಮೇಲೆ ಹುಲ್ಲು ಹಬ್ಬಿ ದೂರಕ್ಕೆ ಹಸನಾಗಿ ಕಾಣುತ್ತದೆ. ಗಾಡಿ ಓಡಿದ ಕಡೆ ಹುಲ್ಲು ಸವೆದು ಒಳಗಿನ ಮರಳು ಬಾಯಿ ಬಿಡುತ್ತದೆ. ಅದರಲ್ಲಿ ಸೈಕಲ್ ಚಕ್ರ ಹುಗಿಯುತ್ತದೆ, ತುಳಿದರೆ ಮುಂದಕ್ಕೆ ಹೋಗುವುದಿಲ್ಲ. ನೆರಳಿಗೆ ಮರವಿಲ್ಲ. ಆ ದಿನಗಳಲ್ಲಿ ಅಲ್ಲಿ ಬಿಸಿಲು 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತೆಂದು ದಾಖಲೆಯಾಗಿದೆ. ಈಗಿನ ಲೆಕ್ಕದಲ್ಲಿ 43 ಡಿಗ್ರಿ. ನಮ್ಮ ರಾಯಚೂರು, ಕಲಬುರಗಿಯ ಮೇ ತಿಂಗಳ ಬಿಸಿಲೆಂದು ತಿಳಿಯಿರಿ.

ಅಂಥ ಒಂದು ದಿನವನ್ನು ಕಣ್ಣ ಮುಂದೆ ತಂದುಕೊಳ್ಳೋಣ.

ಗಾಡಿಯ ದಾರಿಯಲ್ಲಿ ಹೋಗುವಂತಿಲ್ಲ. ಉಳಿದದ್ದು ರೈಲು ದಾರಿ ಒಂದೇ. ಹಳಿಗಳ ನಡುವೆ ಮರದ ದಿಮ್ಮಿಗಳ ಮೇಲೆ ಸವಾರಿ ಮಾಡಿದರೆ ಒಂದೊಂದು ದಿಮ್ಮಿಗೂ ಒಂದೊಂದು ಗುದ್ದು. ಮೈಲಿಗಟ್ಟಲೆ ಹೀಗೆ ಗುದ್ದಿಸಿಕೊಂಡರೆ ಕೈಯ ಎಲುಬು, ಬೆನ್ನಿನ ಎಲುಬು ಎಲ್ಲ ಸಡಿಲ. ಇಳಿದು ನೂಕಿದರೆ ಕಾಲಡಿಯ ಮರಳು ಹೆಂಚಿನಂತೆ ಕಾದಿರುತ್ತದೆ. ಸ್ವಲ್ಪ ದೂರ ಸವಾರಿ, ಸ್ವಲ್ಪ ದೂರ ನೂಕುವುದು, ಮತ್ತೆ ಸವಾರಿ. ಸೈಕಲ್ಲು ಮನುಷ್ಯನನ್ನು ಹೊರುವ ಬದಲು ಮನುಷ್ಯ ಸೈಕಲ್ಲನ್ನು ಹೊರುವ ಪಾಡು.

ಎಲ್ಲಕ್ಕಿಂತ ದೊಡ್ಡದು ನೀರಿನ ಕಷ್ಟ. ಆ ಸೀಮೆಯ ಅನೇಕ ಹೊಂಡಗಳ ನೀರು ಕ್ಷಾರದ ನೀರು. ನಾವು ಸವುಳು ನೀರು ಎನ್ನುತ್ತೇವಲ್ಲ, ಅದಕ್ಕಿಂತ ಕೆಟ್ಟದ್ದು. ಕುಡಿದರೆ ಬಾಯಾರಿಕೆ ಹಿಂಗುವುದಿಲ್ಲ, ಹೊಟ್ಟೆ ಕೆಡುತ್ತದೆ. 43 ಡಿಗ್ರಿ ಬಿಸಿಲಿನಲ್ಲಿ ಮೈಮುರಿದು ದುಡಿಯುವವನ ಮೈಯಿಂದ ಗಂಟೆಗೆ ಒಂದು ಲೀಟರಿಗೂ ಮಿಕ್ಕಿ ಬೆವರು ಹೋಗಬಹುದು. ಆ ಬೆವರು ಆರುವುದರಿಂದಲೇ ಮೈ ತಂಪಾಗುವುದು. ಬೆವರಿನೊಡನೆ ಉಪ್ಪೂ ಹೋಗುತ್ತದೆ. ಹೋದ ನೀರು, ಹೋದ ಉಪ್ಪು ಎರಡೂ ಹಿಂತಿರುಗಿ ಬರದಿದ್ದರೆ ಸ್ನಾಯು ಹಿಡಿದುಕೊಳ್ಳುತ್ತದೆ, ತಲೆ ತಿರುಗುತ್ತದೆ, ಕೊನೆಗೆ ಬೆವರುವ ಶಕ್ತಿಯೂ ಸೋತು ಮನುಷ್ಯ ಬೀಳುತ್ತಾನೆ. ಇದರ ಮೇಲೆ ಹೊಟ್ಟೆಯೂ ಕೆಟ್ಟರೆ, ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ.

ಹಾಗೆಯೇ ಆಯಿತು. ಸಿಪಾಯಿಗಳು ಒಬ್ಬರ ಮೇಲೊಬ್ಬರು ಕಾಯಿಲೆ ಬಿದ್ದರು. ಲೆಫ್ಟಿನೆಂಟ್ ಮಾಸ್ ತಾನೇ ಕಾಯಿಲೆಯಿಂದ ಹಿಂದೆ ಉಳಿಯಬೇಕಾಯಿತು; ಆತ ಕೂಡಿಕೊಳ್ಳುವವರೆಗೆ ತಂಡವನ್ನು ಡಾಕ್ಟರು ನಡೆಸಿದರು. ರೈಲಿನ ಎಂಜಿನ್ನಿಗೆ ನೀರು ತುಂಬಿಸಲು ಕಟ್ಟಿದ್ದ ತೊಟ್ಟಿಗಳ ನೀರನ್ನೇ ಈ ಮನುಷ್ಯರೂ ನೆಚ್ಚಬೇಕಾಯಿತು. ವಿಚಾರ ಮಾಡಿ ನೋಡಿ: ಎಂಜಿನ್ನಿಗೆ ಎಷ್ಟು ಮೈಲಿಗೊಮ್ಮೆ ನೀರು ಬೇಕೆಂದು ಕಂಪೆನಿಯವರು ಮೊದಲೇ ಲೆಕ್ಕ ಹಾಕಿ ತೊಟ್ಟಿ ಕಟ್ಟಿದ್ದರು. ಸಿಪಾಯಿಯ ಅಕ್ಕಿಬೇಳೆಯ ಲೆಕ್ಕ ಹಾಕಿದವರು ಅವನ ನೀರಿನ ಲೆಕ್ಕವನ್ನು ಅಷ್ಟು ಕಟ್ಟುನಿಟ್ಟಾಗಿ ಹಾಕಿರಲಿಲ್ಲ.

ಆ ರೈಲು ಹಳಿಯ ಬಗ್ಗೆ ಇನ್ನೊಂದು ಮಾತು. ಇದಕ್ಕೆ ಒಂದೇ ವರ್ಷ ಮುಂಚೆ, 1896ರ ಮೇ ತಿಂಗಳಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತ್ತು. ಲೂಯಿಸಿಯಾನ ಸಂಸ್ಥಾನದಲ್ಲಿ ಹೋಮರ್ ಪ್ಲೆಸ್ಸಿ ಎಂಬ ಪಾದರಕ್ಷೆ ಮಾಡುವ ಕಸಬಿನವ, ಬಿಳಿಯರ ರೈಲು ಡಬ್ಬಿಯಲ್ಲಿ ಕುಳಿತು ಅಲ್ಲಿಂದ ಏಳಲು ಒಪ್ಪದೆ ಕೇಸು ಹೋರಾಡಿದ. ಕರಿಯರಿಗೆ ಬೇರೆ ಡಬ್ಬಿ ಕೊಟ್ಟರೆ ಸಾಕು, ಸಮಾನತೆಗೆ ಭಂಗವಿಲ್ಲ ಎಂದು ಕೋರ್ಟು ಹೇಳಿತು. ಊರಿನ ಬಾವಿ, ಹೋಟೆಲಿನ ಬೇರೆ ಲೋಟ ಕಂಡ ನಮ್ಮ ಜನಕ್ಕೆ ಈ ತರ್ಕದ ಪರಿಚಯವಿದೆ. ದೇಶದ ಸಮವಸ್ತ್ರ ತೊಟ್ಟು, ದೇಶದ ಬಂದೂಕು ಹೊತ್ತು ಹಳಿಯ ಮೇಲೆ ಬೇಯುತ್ತಿದ್ದ ಈ ಇಪ್ಪತ್ತು ಜನಕ್ಕೂ ದೇಶದ ಕಾನೂನು ಅದೇ ಆಗಿತ್ತು.

ಈಗ ಲೆಕ್ಕಕ್ಕೆ ಬರುತ್ತೇನೆ. ನಾನು ಮೇಷ್ಟರಾಗಿದ್ದವನು, ಲೆಕ್ಕ ಬಿಟ್ಟು ಹೋಗಲಾರೆ. ಶಾಲೆಯ ಪುಸ್ತಕದಲ್ಲಿ ಸೈಕಲ್ ಸವಾರ ಯಾವಾಗಲೂ ಗಂಟೆಗೆ ಇಷ್ಟು ಮೈಲಿಯಂತೆ ಒಂದೇ ಸಮನೆ ಹೋಗುತ್ತಿರುತ್ತಾನೆ. ಅವನಿಗೆ ಬಿಸಿಲಿಲ್ಲ, ಮರಳಿಲ್ಲ, ಹೊಟ್ಟೆನೋವಿಲ್ಲ. ಈ ತಂಡ 1,900 ಮೈಲಿಯನ್ನು 41 ದಿನಗಳಲ್ಲಿ ಮುಗಿಸಿ ಜುಲೈ 24ರಂದು ಸೇಂಟ್ ಲೂಯಿಸ್ ಸೇರಿತು. ಅದರಲ್ಲಿ ಸವಾರಿ ನಡೆದದ್ದು 34 ದಿನ. ಭಾಗಿಸಿದರೆ ದಿನಕ್ಕೆ ಸುಮಾರು 56 ಮೈಲಿ. ವರದಿಯಲ್ಲಿ ಬಂದದ್ದು ಈ ಸಂಖ್ಯೆ.

ಮರಳುಗುಡ್ಡದಲ್ಲಿ? ಅಲ್ಲಿ ಸುಮಾರು 170 ಮೈಲಿ ದಾಟಲು ನಾಲ್ಕೂವರೆ ದಿನ ಹಿಡಿಯಿತು. ಭಾಗಿಸಿ: ದಿನಕ್ಕೆ 38 ಮೈಲಿಗೆ ಸ್ವಲ್ಪ ಕಡಿಮೆ. ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕುಳಿತು ಈ ಎರಡು ಸಂಖ್ಯೆಗಳನ್ನು ನೋಡಿದ ಗುಮಾಸ್ತ ಏನು ಹೇಳುತ್ತಾನೆ? ಈ ನಾಲ್ಕೂವರೆ ದಿನ ಜನ ಸರಿಯಾಗಿ ಕೆಲಸ ಮಾಡಿಲ್ಲ, ಉತ್ಪನ್ನ ಮೂರನೆಯ ಒಂದು ಪಾಲು ಇಳಿದಿದೆ ಎನ್ನುತ್ತಾನೆ. ಪಟ್ಟಿಯಲ್ಲಿ ಅತಿ ಸಣ್ಣದಾಗಿ ಕಾಣುವ ದಿನವೇ ಅತಿ ದೊಡ್ಡ ದುಡಿಮೆಯ ದಿನವಾಗಿತ್ತೆಂಬುದು ಅವನ ಕಣ್ಣಿಗೆ ಬೀಳುವುದಿಲ್ಲ.

ಸಂಗಾತಿಗಳೇ, ಇದು ನಿಮಗೆ ದೂರದ ಮಾತೇ? ಕೆಟ್ಟ ಹತ್ತಿ ಬಂದ ವಾರ ನೂಲಿನ ಎಳೆ ಎಷ್ಟು ಸಲ ಹರಿಯುತ್ತದೆ? ಒಂದು ಎಳೆ ಜೋಡಿಸಿ ತಿರುಗುವಷ್ಟರಲ್ಲಿ ಮೂರು ಕಡೆ ಹರಿದಿರುತ್ತದೆ. ಆ ವಾರ ಕಾಲಿಗೆ ಬಿಡುವಿಲ್ಲ, ಕಣ್ಣಿಗೆ ಬಿಡುವಿಲ್ಲ. ಆದರೆ ಗಜದ ಲೆಕ್ಕ, ತೂಕದ ಲೆಕ್ಕ ಬಂದಾಗ ಆ ವಾರದ ಕೂಲಿಯೇ ಎಲ್ಲಕ್ಕಿಂತ ಕಡಿಮೆ. ಹೆಚ್ಚು ದುಡಿದ ವಾರ ಕಡಿಮೆ ಕೂಲಿ! ಹತ್ತಿ ಕೊಂಡವನ ಲೋಪ ನೂಲುವವನ ಸಂಬಳದಲ್ಲಿ ಕಳೆಯುತ್ತದೆ. ವರ್ತಕ ಮಿತ್ರರ ಪಾಡೂ ಬೇರೆಯಲ್ಲ. ಮಳೆ ಕೈಕೊಟ್ಟ ವರ್ಷ ನಾಲ್ಕು ಸಂತೆ ಹೆಚ್ಚು ತಿರುಗಿ, ಒಬ್ಬೊಬ್ಬ ಗಿರಾಕಿಯ ಹತ್ತಿರ ಗಂಟೆಗಟ್ಟಲೆ ಮಾತಾಡಿ, ವರ್ಷದ ಕೊನೆಗೆ ಖಾತೆ ನೋಡಿದರೆ ಆ ವರ್ಷವೇ ಬಡಕಲು. ಕಿರ್ದಿಯಲ್ಲಿ ಹಣ ಬರೆಯುತ್ತದೆ, ಬೆವರು ಬರೆಯುವುದಿಲ್ಲ.

ಆದುದರಿಂದ ಯಾರಾದರೂ ಸರಾಸರಿ ತೋರಿಸಿ ಮಾತನಾಡಿದಾಗ ನಾವು ಕೇಳಬೇಕಾದ ಪ್ರಶ್ನೆ ಒಂದು: ದಾರಿ ಯಾವುದಾಗಿತ್ತು? ಕಲ್ಲುರಸ್ತೆಯ ಮೈಲಿಗೂ ಮರಳಿನ ಮೈಲಿಗೂ ಒಂದೇ ದರ ಕಟ್ಟುವುದು ನ್ಯಾಯವಲ್ಲ. ಕೆಟ್ಟ ಸರಕಿಗೆ, ಕೆಟ್ಟ ಯಂತ್ರಕ್ಕೆ, ಕಡುಬಿಸಿಲಿಗೆ ಕೂಲಿಯ ದರದಲ್ಲಿ ರಿಯಾಯಿತಿ ಕೇಳುವುದು ಭಿಕ್ಷೆಯಲ್ಲ; ಅದು ಸರಿಯಾದ ಅಂಕಗಣಿತ. ಕುಡಿಯುವ ನೀರೂ ಹಾಗೆಯೇ. ನಮ್ಮ ದೇಶದ 1948ರ ಕಾರ್ಖಾನೆ ಕಾಯಿದೆ ತನ್ನ 18ನೆಯ ಕಲಮಿನಲ್ಲಿ ಕುಡಿಯುವ ನೀರಿನ ವಿಚಾರವನ್ನು ಬಿಡಿಸಿ ಬರೆಯಿತು. 250ಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಬೇಸಗೆಯಲ್ಲಿ ನೀರನ್ನು ತಂಪು ಮಾಡಿ ಕೊಡಬೇಕೆಂದೂ ವಿಧಿಸಿತು. ಇಷ್ಟು ಸಣ್ಣ ವಿಷಯವನ್ನು ಕಾನೂನಿನಲ್ಲಿ ಏಕೆ ಬರೆಯಬೇಕಾಯಿತೆಂದರೆ, ಬರೆಯದಿದ್ದಾಗ ಮಾಲೀಕರು ಎಂಜಿನ್ನಿನ ತೊಟ್ಟಿ ಮಾತ್ರ ತುಂಬಿಸುತ್ತಿದ್ದರು.

ಕಥೆಯ ಮುಂದಿನ ಭಾಗ ಕೇಳಿ. ಸೇಂಟ್ ಲೂಯಿಸಿನಲ್ಲಿ ಅವರನ್ನು ನೋಡಲು ಸುಮಾರು ಹತ್ತು ಸಾವಿರ ಜನ ನೆರೆದರು. ಊರಿನ ಸೈಕಲ್ ಸವಾರರು ಎದುರುಗೊಂಡರು. ಕಸರತ್ತು ತೋರಿಸಿದ ಮೇಲೆ ಸಿಪಾಯಿಗಳನ್ನು ರೈಲಿನಲ್ಲಿ ಮಿಸೂಲಾಕ್ಕೆ ಕಳಿಸಿದರು. ಮಾಸ್ ಇನ್ನೂ ದೊಡ್ಡ ಸವಾರಿಗೆ ಅನುಮತಿ ಕೇಳಿದ, ದೊರೆಯಲಿಲ್ಲ. 1898ರಲ್ಲಿ ಸ್ಪೇನಿನೊಡನೆ ಯುದ್ಧ ಬಂತು. ರೆಜಿಮೆಂಟನ್ನು ಕ್ಯೂಬಾ ದ್ವೀಪಕ್ಕೆ ಕಳಿಸಿದರು. ಸೈಕಲ್ ತಂಡ ಅಲ್ಲಿಗೆ ಮುಗಿಯಿತು.

ಇಪ್ಪತ್ತು ಜನರಲ್ಲಿ ಒಬ್ಬನ ಹೆಸರನ್ನು ನೀವು ನೆನಪಿಡಬೇಕು. ಸಾರ್ಜೆಂಟ್ ಮಿಂಗೋ ಸ್ಯಾಂಡರ್ಸ್. ಸವಾರಿಯ ವರ್ಷ ಆತನಿಗೆ 39 ವಯಸ್ಸು. ಒಂದು ಕಣ್ಣಿನ ದೃಷ್ಟಿ ಸರಿಯಿರಲಿಲ್ಲ. ಹುಟ್ಟಿದ್ದು ದಕ್ಷಿಣ ಕೆರೊಲಿನದಲ್ಲಿ, ಗುಲಾಮಗಿರಿ ಇನ್ನೂ ಕಾನೂನಾಗಿದ್ದ ದಿನಗಳಲ್ಲಿ. 1881ರಲ್ಲಿ ಸೈನ್ಯ ಸೇರಿದ. ಮರಳುಗುಡ್ಡ ದಾಟಿದ, ಕ್ಯೂಬಾದಲ್ಲಿ ಕಾದಾಡಿದ. ಅಲ್ಲಿ ಹಸಿದಿದ್ದ ಬಿಳಿಯ ಸ್ವಯಂಸೇವಕ ದಳಕ್ಕೆ, ಅದರ ನಾಯಕ ಥಿಯೊಡರ್ ರೂಸ್‌ವೆಲ್ಟ್ ಕೇಳಿದಾಗ, ತನ್ನವರ ರೊಟ್ಟಿಯಲ್ಲಿ ಪಾಲು ಕೊಡಿಸಿದೆನೆಂದು ಸ್ಯಾಂಡರ್ಸ್ ಮುಂದೆ ನೆನಪಿಸಿಕೊಂಡ.

1906ರ ಆಗಸ್ಟಿನಲ್ಲಿ ಈ ರೆಜಿಮೆಂಟಿನ ಒಂದು ಭಾಗ ಟೆಕ್ಸಾಸ್ ಸಂಸ್ಥಾನದ ಬ್ರೌನ್ಸ್‌ವಿಲ್ ಊರಿನಲ್ಲಿತ್ತು. ಒಂದು ರಾತ್ರಿ ಊರಿನಲ್ಲಿ ಗುಂಡು ಹಾರಿತು. ಒಬ್ಬ ಸತ್ತ, ಒಬ್ಬ ಪೊಲೀಸಿನವನಿಗೆ ಗಾಯವಾಯಿತು. ಕರಿಯ ಸಿಪಾಯಿಗಳೇ ಮಾಡಿದರೆಂದು ಊರವರು ಕೂಗೆಬ್ಬಿಸಿದರು. ಆ ಹೊತ್ತಿನಲ್ಲಿ ನಮ್ಮ ಜನ ಬ್ಯಾರಕ್ಕಿನಲ್ಲಿದ್ದರೆಂದು ಅವರ ಬಿಳಿಯ ಅಧಿಕಾರಿಗಳೇ ಹೇಳಿದರು. ಯಾರು ಮಾಡಿದರು ಹೇಳಿ ಎಂದು ಸಿಪಾಯಿಗಳನ್ನು ಕೇಳಿದರೆ, ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂದದ್ದೇ ಅಪರಾಧವಾಯಿತು. ಎಲ್ಲರೂ ಕೂಡಿ ಬಾಯಿಮುಚ್ಚಿಕೊಂಡಿದ್ದಾರೆ ಎಂದು ತೀರ್ಮಾನಿಸಿ 167 ಮಂದಿಯನ್ನು ಒಟ್ಟಿಗೆ ವಜಾ ಮಾಡಿದರು. ವಿಚಾರಣೆಯಿಲ್ಲ, ಸಾಕ್ಷಿಯ ಪಾಟೀಸವಾಲಿಲ್ಲ. ಆಜ್ಞೆ ಹೊರಬಿದ್ದದ್ದು ನವೆಂಬರಿನಲ್ಲಿ, ಚುನಾವಣೆಯ ಮತದಾನ ಮುಗಿದ ಮೇಲೆ. ಆಜ್ಞೆ ಮಾಡಿದ ರಾಷ್ಟ್ರಾಧ್ಯಕ್ಷ, ಆ ಥಿಯೊಡರ್ ರೂಸ್‌ವೆಲ್ಟನೇ.

ವಜಾ ಆದವರಲ್ಲಿ ಮಿಂಗೋ ಸ್ಯಾಂಡರ್ಸ್ ಒಬ್ಬ. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟ ಸೇವೆ. ನಿವೃತ್ತಿ ವೇತನ ಕೈಗೆ ಬರುವ ಕಾಲ ಹತ್ತಿರವಾಗಿತ್ತು. ಎಲ್ಲ ಹೋಯಿತು. ರೂಸ್‌ವೆಲ್ಟನ ಪಕ್ಷಕ್ಕೇ ಸೇರಿದ್ದ ಸೆನೆಟರ್ ಫೊರೇಕರ್ ಎಂಬಾತ ಈ ಅನ್ಯಾಯವನ್ನು ಶಾಸನಸಭೆಯಲ್ಲಿ ವರ್ಷಗಟ್ಟಲೆ ಎತ್ತಿ ಹೋರಾಡಿದ. ಕೊನೆಗೆ 14 ಮಂದಿಗೆ ಮಾತ್ರ ಮತ್ತೆ ಸೇರಲು ಅರ್ಹತೆ ದೊರೆಯಿತು. ಆ ಹದಿನಾಲ್ಕರಲ್ಲಿ ಸ್ಯಾಂಡರ್ಸ್ ಇರಲಿಲ್ಲ. 1929ರಲ್ಲಿ ಆತ ತೀರಿಕೊಂಡ.

1972ರಲ್ಲಿ ಅಮೆರಿಕದ ಸೈನ್ಯ ಆ ವಜಾ ಆಜ್ಞೆಯನ್ನು ತಿದ್ದಿ, ಎಲ್ಲರೂ ಗೌರವದಿಂದ ಬಿಡುಗಡೆಯಾದವರೆಂದು ಬರೆಯಿತು. ಅಷ್ಟರಲ್ಲಿ 66 ವರ್ಷ ಕಳೆದಿತ್ತು, ಸ್ಯಾಂಡರ್ಸ್ ಸತ್ತು 43 ವರ್ಷವಾಗಿತ್ತು. ಬದುಕಿದ್ದವರು ಬೆರಳೆಣಿಕೆಯಷ್ಟು. ಅವರಲ್ಲಿ ಡಾರ್ಸಿ ವಿಲ್ಲಿಸ್ ಎಂಬ ಮುದುಕ ಅರ್ಧ ಶತಮಾನಕ್ಕೂ ಮೇಲ್ಪಟ್ಟು ಕ್ಷೌರದಂಗಡಿಯೊಂದರಲ್ಲಿ ಬೂಟು ಪಾಲೀಷು ಮಾಡಿ ಜೀವಿಸಿದ್ದ. ಅವನಿಗೆ 25,000 ಡಾಲರು ಪರಿಹಾರ ಕೊಟ್ಟರು. 1974ರಲ್ಲಿ ಮಾಂಟಾನ ವಿಶ್ವವಿದ್ಯಾಲಯದ ಕೆಲವರು ಕಪ್ಪು ಜನಾಂಗದ ತರುಣರು ಮಿಸೂಲಾದಿಂದ ಸೇಂಟ್ ಲೂಯಿಸಿಗೆ ಸೈಕಲ್ ತುಳಿದು ಹಳೆಯವರ ದಾರಿಯನ್ನು ಮತ್ತೆ ಜನಕ್ಕೆ ನೆನಪಿಸಿದರು.

ತಡವಾಗಿಯಾದರೂ ನ್ಯಾಯ ಸಿಕ್ಕಿತಲ್ಲ ಎಂದು ಸಮಾಧಾನ ಪಡಬೇಕೆ? ಹಸಿದಾಗ ಬಾರದ ಊಟ ತಿಥಿಗೆ ಬಂದರೆ ಸತ್ತವನಿಗೆ ಅದರಿಂದ ಏನು? ಆದರೆ ಕಲಿಯಬೇಕಾದ ಪಾಠ ಒಂದಿದೆ. ಸವಾರಿಯ ಬಗ್ಗೆ ನಮಗೆ ತಿಳಿದಿರುವುದೆಲ್ಲ ಹೆಚ್ಚಾಗಿ ಲೆಫ್ಟಿನೆಂಟನ ವರದಿಯಿಂದ, ಪತ್ರಿಕೆಯ ಹುಡುಗನ ಬರಹದಿಂದ. ಚಕ್ರ ನೂಕಿದ ಇಪ್ಪತ್ತು ಜನ ತಮ್ಮ ಕೈಯಲ್ಲಿ ಬರೆದಿಟ್ಟದ್ದು ನಮ್ಮ ಕಾಲಕ್ಕೆ ಬಂದಿದ್ದರೆ ಕಥೆಯ ತೂಕವೇ ಬೇರೆಯಾಗುತ್ತಿತ್ತು. ಮೇಲಿನವನು ಬರೆದ ಸೇವಾ ಪುಸ್ತಕವನ್ನು ಮೇಲಿನವನೇ ಒಂದು ಗೆರೆಯಲ್ಲಿ ಹೊಡೆದುಹಾಕಬಲ್ಲ.

ಅದಕ್ಕೇ ನನ್ನ ಕೋರಿಕೆ ಇಷ್ಟು. ಎರಡು ಪಾಳಿಗಳ ನಡುವೆ ಒಂದು ನಿಮಿಷ ಬಿಡುವು ಮಾಡಿಕೊಂಡು, ಪ್ರತಿಯೊಬ್ಬರೂ ಒಂದು ಸಣ್ಣ ಪುಸ್ತಕ ಇಡಿ. ಇಂದು ಎಷ್ಟು ಗಂಟೆ ದುಡಿದೆ. ಸರಕು ಎಂಥದು ಬಂತು. ಯಂತ್ರ ಎಷ್ಟು ಹೊತ್ತು ಕೆಟ್ಟು ನಿಂತಿತ್ತು. ಷೆಡ್ಡಿನಲ್ಲಿ ನೀರಿತ್ತೋ ಇಲ್ಲವೋ. ಯಾರು ತಲೆಸುತ್ತಿ ಬಿದ್ದರು. ಕೂಲಿಯ ಚೀಟಿ, ಹಾಜರಿ ಚೀಟಿ, ಭವಿಷ್ಯನಿಧಿಯ ನಂಬರು ಅದರ ಒಳಗಿಡಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಿ. ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಲೆಕ್ಕದ ಪಾಠ ಯಾವ ಮೇಷ್ಟರೂ ಹೇಳಲಾರರು. ವರ್ತಕ ಮಿತ್ರರಿಗೆ ಕಿರ್ದಿ ಬರೆಯುವ ಅಭ್ಯಾಸವಿದೆ. ನೆರೆಮನೆಯ ಕಾರ್ಮಿಕನಿಗೆ ಅದನ್ನು ಹೇಳಿಕೊಡಿ.

ನಾಳೆ ಮಾತುಕತೆಗೆ ಕುಳಿತಾಗ ಅವರು ತಮ್ಮ ಸರಾಸರಿಯ ಪಟ್ಟಿಯನ್ನು ಮೇಜಿನ ಮೇಲೆ ಇಡುತ್ತಾರೆ. ಆ ದಿನ ನಮ್ಮ ಕಡೆಯಿಂದಲೂ ಮೇಜಿನ ಮೇಲೆ ಇಡಲು ಏನಾದರೂ ಇರಬೇಕು. ಬಿಸಿಲಿನ ದಿನಗಳನ್ನು ನಾವೇ ಬರೆದಿಟ್ಟ ನೂರಾರು ಪುಸ್ತಕಗಳಿದ್ದರೆ, ಒಂದು ಗೆರೆಯಲ್ಲಿ ಅವನ್ನೆಲ್ಲ ಹೊಡೆದುಹಾಕುವುದು ಯಾರಿಗೂ ಅಷ್ಟು ಸುಲಭವಾಗುವುದಿಲ್ಲ.

ಇಷ್ಟು ಹೊತ್ತು ಸೆಕೆಯಲ್ಲಿ ಕುಳಿತು ಕೇಳಿದ್ದೀರಿ. ಹೊರಗೆ ಜಗಲಿಯ ಮೇಲೆ ನೀರು ಮಜ್ಜಿಗೆ ಇಟ್ಟಿದ್ದಾರೆ, ಉಪ್ಪು ಹಾಕಿದ್ದಾರೆ. ಎಲ್ಲರೂ ಕುಡಿದು ಹೋಗಬೇಕು.